ತೊಳೆದು ಕಳಿಸಿದ ಹಕ್ಕಿಕಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಲ್ಲಿಸೇ ದ್ವೀಪದ ದೀಪಸ್ತಂಭದ ಬುಡದಲ್ಲಿ ಓಸ್ಲಾ ಲೀಸ್ಕ್ ಲಂಗ ಎತ್ತಿ ಕಟ್ಟಿಕೊಂಡು, ಒದ್ದೆ ಹುಲ್ಲಿನಲ್ಲಿ ಸತ್ತ ಹಕ್ಕಿಗಳನ್ನು ಆರಿಸುತ್ತಿದ್ದಾರೆ. ರಾತ್ರಿಯ ಮಂಜಿನಲ್ಲಿ ದಾರಿ ತಪ್ಪಿ ದೀಪದ ಗಾಜಿಗೆ ಬಡಿದು ಬಿದ್ದವು ಇವು. ಥ್ರಷ್, ನೆಲಗುಬ್ಬಿ, ಜೌಗಿನಲ್ಲಿ ಮೇಯುವ ಒಂದೆರಡು ಉಲ್ಲಂಕಿ. ಮಾಂಸ ಮಧ್ಯಾಹ್ನದ ಪೈ ಕಡುಬಿಗೆ. ಚಳಿಗಾಲ ಬರುವವರೆಗೂ ದೀಪದ ಮನೆಗಳಲ್ಲಿ ಅದೇ ಊಟ. ಕಾಲು ಮಾತ್ರ ವಿಜ್ಞಾನಕ್ಕೆ.

"ಈ ಉಲ್ಲಂಕಿ ನೋಡಿ, ಬೆರಳ ಸಂದೀಲಿ ಎಷ್ಟು ಕೆಸರು! ಯಾವ ದೇಶದ ಜೌಗು ತುಳ್ಕೊಂಡು ಬಂತೋ ಪಾಪ," ಎಂದು ನಮಗೆ ತೋರಿಸುತ್ತಾ ಓಸ್ಲಾ ಅದನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಈಗ ನಡೆದಿರುವ ಜಗಳವೆಲ್ಲ ಆ ಕೆಸರಿನದೇ.

ಜಗಳದ ಇನ್ನೊಂದು ತುದಿಯಲ್ಲಿರುವವರು ಡೆವನ್ನಿನ ಡಾಕ್ಟರ್ ಆಂಬ್ರೋಸ್ ಪೆನ್‌ಹಾಲೋ. ಹೆಸರಾಂತ ಪ್ರಕೃತಿ ವಿಜ್ಞಾನಿ. ಎದೆಯ ಕಾಯಿಲೆಯಿಂದಾಗಿ ಮನೆಯ ಗೇಟು ದಾಟುವುದೇ ಅಪರೂಪ, ಆದರೆ ಅವರ ಪತ್ರಗಳು ದಾಟದ ಸಮುದ್ರವಿಲ್ಲ. ಪಾರಿವಾಳ ಸಾಕುವವರು, ಹಡಗಿನ ವೈದ್ಯರು, ಹಳ್ಳಿಯ ಪಾದ್ರಿಗಳು, ಯಾರನ್ನೂ ಬಿಟ್ಟವರಲ್ಲ. ಅವರ ಪುಸ್ತಕಗಳು ಬೆಳೆಯುವುದೇ ಅಂಚೆಚೀಲದಿಂದ. ಬೀಜಗಳು ದೂರದ ದ್ವೀಪಗಳಿಗೆ ನೀರಿನಲ್ಲಿ ತೇಲಿಯೇ ಹೋಗುತ್ತವೆ ಎಂದು ಅವರು ಮೊದಲು ಬರೆದಿದ್ದರು. ಹಕ್ಕಿಗಳ ಕಾಲಿಗಂಟಿದ ಮಣ್ಣಿನಲ್ಲೂ ಹೋಗಬಹುದೇ ಎಂಬ ಅನುಮಾನ ಹೊಕ್ಕಿದ್ದೇ ತಡ, ದೀಪಸ್ತಂಭಗಳಿಗೆಲ್ಲ ಪತ್ರ ಹೋಯಿತು.

ಹೆಲ್ಲಿಸೇಗೆ ಬಂದ ಪತ್ರ ದೀಪ ಕಾಯುವ ಗಿಲ್ಬರ್ಟ್ ಹಾಲ್ಕ್ರೋ ಅವರ ಹೆಸರಿಗಿತ್ತು. ಗಿಲ್ಬರ್ಟ್ ಓಸ್ಲಾ ಅವರ ಗಂಡ; ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಮಲಗುವ ಮನುಷ್ಯ. "ಯಾರಿಗೋ ಹಕ್ಕಿ ಕಾಲು ಬೇಕಂತೆ, ನೀನೇ ನೋಡ್ಕೋ," ಎಂದು ಮಗ್ಗುಲಾದರು. ಓಸ್ಲಾ ನೋಡಿಕೊಂಡರು. ಕಾಲುಗಳನ್ನು ಸೋಪು ಹಚ್ಚಿ ತಿಕ್ಕಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ಕಳಿಸಿದರು!

"ದೊಡ್ಡ ಮನುಷ್ಯರ ಮನೆಗೆ ಯಾರಾದ್ರೂ ಕೊಳಕು ಕಳಿಸ್ತಾರಾ, ನೀವೇ ಹೇಳಿ?" ಎಂದು ಈಗ ನಗುತ್ತಾರೆ. "ದಯವಿಟ್ಟು ತೊಳೀಬೇಡಿ, ನನಗೆ ಬೇಕಾಗಿರೋದೇ ಆ ಕೊಳೆ ಅಂತ ಉತ್ತರ ಬಂತು. ನಾಚಿಕೆಯಿಂದ ಮುಖ ಎಲ್ಲಿಟ್ಕೊಳ್ಳೋದು ಅನ್ನಿಸ್ಬಿಡ್ತು."

ಅಂದಿನಿಂದ ಕೆಸರು ಸಮೇತ ಹೋಯಿತು. ಡಾಕ್ಟರು ಅದನ್ನು ಚಹಾದ ಬಸಿಗಳಲ್ಲಿ ನೆನೆಸಿಟ್ಟರೆ ಅದರೊಳಗಿನ ಬೀಜಗಳು ಮೊಳಕೆಯೊಡೆದವು. ಅವರ ಪತ್ರಗಳು ದಪ್ಪವಾದವು. ಒಂದೊಂದರಲ್ಲೂ ಹತ್ತಾರು ಪ್ರಶ್ನೆ. ಓಸ್ಲಾ ಒಲೆಯ ಪಕ್ಕ ಕೂತು ಎಲ್ಲಕ್ಕೂ ಉತ್ತರ ಬರೆದರು, ಗಿಲ್ಬರ್ಟ್ ಆಕಳಿಸುತ್ತಾ ಸಹಿ ಹಾಕಿದರು. ಡಾಕ್ಟರು ತಮ್ಮ ಹಳೆಯ ಅಧ್ಯಾಯ ಹರಿದುಹಾಕಿ ಹೊಸದು ಬರೆದರು. ಪುಸ್ತಕ ಬಂತು. ಅದರಲ್ಲಿ ದೀಪಪಾಲಕ ಹಾಲ್ಕ್ರೋ ಅವರ "ದಣಿವರಿಯದ ಶ್ರಮ"ಕ್ಕೆ ಕೃತಜ್ಞತೆ ಇತ್ತು.

ಅಂಚೆ ತರುವ ದೋಣಿಯ ಲೌರಿ ಅದನ್ನು ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಗಿಲ್ಬರ್ಟಣ್ಣಾ, ಗೊರಕೆ ಹೊಡೀತಾನೇ ಇಷ್ಟೆಲ್ಲಾ ಹಕ್ಕಿ ಕಾಲು ಕೊಯ್ದ್ಯಾ? ಭಲೇ!"

ಓಸ್ಲಾ ನಗಲಿಲ್ಲ. ಮುಂದಿನ ಮುದ್ರಣದಲ್ಲಿ ತಮ್ಮ ಹೆಸರು ಬರಬೇಕೆಂದು ನೇರವಾಗಿ ಬರೆದರು, ಕೆಳಗೆ ತಮ್ಮದೇ ಸಹಿ. ಉತ್ತರ ಬಂದದ್ದು ಗಿಲ್ಬರ್ಟ್‌ಗೆ: ಇನ್ನಷ್ಟು ಕಾಲು ಕಳಿಸಿ, ಮುಖ್ಯವಾಗಿ ಉಲ್ಲಂಕಿಯದು. ಹೆಸರಿನ ಮಾತೇ ಇಲ್ಲ. ಸರಿ, ಓಸ್ಲಾ ಕಳಿಸಿದರು. ಬಿಸಿನೀರಿಗೆ ಬಟ್ಟೆ ಒಗೆಯುವ ಸೋಡಾ ಹಾಕಿ, ಒಂದು ಕಣ ಮಣ್ಣೂ ಉಳಿಯದಂತೆ ತಿಕ್ಕಿ ತೊಳೆದು ಕಳಿಸಿದರು. ಜೊತೆಗೊಂದು ಚೀಟಿ: "ಈ ಕಾಲುಗಳು ನಿಮ್ಮ ಪುಸ್ತಕದಷ್ಟೇ ಚೊಕ್ಕಟ. ಎರಡರಲ್ಲೂ ನನ್ನ ಗುರುತಿಲ್ಲ."

"ಅಷ್ಟು ದೊಡ್ಡವರನ್ನ ಎದುರು ಹಾಕ್ಕೊಂಡ್ರೆ ಹೆಂಗೆ ಮಾರಾಯ್ತಿ?" ಎಂದು ಗಿಲ್ಬರ್ಟ್ ತಲೆ ಕೆರೆದುಕೊಂಡರು.

"ಆರಿಸಿದ್ದು ನಾನು, ಕೊಯ್ದಿದ್ದು ನಾನು, ಬರೆದಿದ್ದು ನಾನು. ನೀನು ಮಲಗು ಹೋಗು!"

ಇಂದು ಲೌರಿಯ ದೋಣಿ ಬಂದಿದೆ. ಡಾಕ್ಟರ ಲಕೋಟೆಯೂ ಬಂದಿದೆ. ಓಸ್ಲಾ ಹಕ್ಕಿಗಳ ಬುಟ್ಟಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು ಓದುತ್ತಾರೆ. ಕ್ಷಮೆ ಕೇಳಿದ್ದಾರೆ. ಉಲ್ಲಂಕಿಯ ಮಣ್ಣಿಲ್ಲದೆ ಮುಂದಿನ ಮುದ್ರಣದ ಅಧ್ಯಾಯ ನಿಂತುಹೋಗಿದೆಯಂತೆ. ಈ ಸಲ "ಮಿಸೆಸ್ ಗಿಲ್ಬರ್ಟ್ ಹಾಲ್ಕ್ರೋ" ಎಂದು ಖಂಡಿತ ಅಚ್ಚಾಗುತ್ತದಂತೆ.

"ಗೆದ್ದುಬಿಟ್ಟೆ ಬಿಡು ಓಸ್ಲಕ್ಕಾ!" ಎಂದು ಲೌರಿ ಟೋಪಿ ತೂರುತ್ತಾನೆ.

"ಎಲ್ಲಿ ಗೆದ್ದೆ? ಇದ್ರಲ್ಲಿ ಗಿಲ್ಬರ್ಟ್ ಇದಾನೆ, ಅವರಪ್ಪ ಹಾಲ್ಕ್ರೋ ಇದಾನೆ. ನಾನೆಲ್ಲಿದೀನಿ?" ಓಸ್ಲಾ ಕಾಗದ ಮಡಿಸುತ್ತಾರೆ. "ನಮ್ಮ ದ್ವೀಪಗಳಲ್ಲಿ ಮದುವೆಯಾದ್ರೂ ಹೆಣ್ಣು ತವರಿನ ಹೆಸರು ಬಿಡಲ್ಲ. ನಮ್ಮಮ್ಮನ ಗೋರಿಕಲ್ಲಿನ ಮೇಲೂ ಅವಳದ್ದೇ ಹೆಸರಿದೆ. ಸತ್ತವಳಿಗೇ ಅಷ್ಟು ಮರ್ಯಾದೆ ಇರುವಾಗ, ಬದುಕಿರೋ ನಾನ್ಯಾಕೆ ಬಿಟ್ಕೊಡ್ಲಿ?"

ಬಾಗಿಲಲ್ಲಿ ನಿಂತ ಗಿಲ್ಬರ್ಟ್ ಒಳಗೆ ಹೋಗಿ ತಾವೇ ನೀರು ಕಾಯಲು ಇಡುತ್ತಾರೆ. ಸೋಡಾ ಡಬ್ಬಿಯನ್ನೂ ತೆಗೆದು ಮೇಜಿನ ಮೇಲಿಡುತ್ತಾರೆ.

ತೊಳೆಯುವ ಮೊದಲು ಓಸ್ಲಾ ಒಂದು ಕೆಲಸ ಮಾಡುತ್ತಾರೆ. ಉಲ್ಲಂಕಿಯ ಬೆರಳ ಸಂದಿನ ಕೆಸರನ್ನು ಚಾಕುವಿನ ತುದಿಯಿಂದ ಜೋಪಾನವಾಗಿ ಕೆರೆದು, ಬಸಿಗೆ ಹಾಕಿ ನೀರು ಚಿಮುಕಿಸಿ ಕಿಟಕಿಯಲ್ಲಿಡುತ್ತಾರೆ. ಅಲ್ಲಿ ಆಗಲೇ ಬಸಿಗಳ ಸಾಲಿದೆ. ಒಂದರಲ್ಲಿ ಹೆಲ್ಲಿಸೇಯಲ್ಲಿ ಯಾರೂ ಕಾಣದ ಗಿಡವೊಂದು ಎರಡೆಲೆ ಬಿಟ್ಟು ನಿಂತಿದೆ.

"ಡಾಕ್ಟ್ರು ಓಸ್ಲಾ ಲೀಸ್ಕ್ ಅಂತ ಅಚ್ಚು ಹಾಕಿಸ್ಲಿ, ಬಸಿ ಸಮೇತ ಕಳಿಸ್ತೀನಿ," ಎನ್ನುತ್ತಾ ಅಂಗಿಯ ತೋಳು ಮಡಿಸಿ ಬಿಸಿನೀರಿಗೆ ಕೈ ಹಾಕುತ್ತಾರೆ. "ಅಲ್ಲೀವರೆಗೂ ಅವರಿಗೆ ಕಾಲು, ನನಗೆ ಗಿಡ."