ಸೈಮನ್‌ನ ಶಿಫ್ಟಿಗೆ ಇಳಿದವನು

ಅರವತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ಕೋಲಾರ ಚಿನ್ನದ ಗಣಿಯ ಊರಿಗಾಂನಲ್ಲಿ, ಕಾರ್ಮಿಕರೇ ಬರುತ್ತಿದ್ದ ಸಣ್ಣ ಚರ್ಚೊಂದಕ್ಕೆ ನಾನು ಪಾದ್ರಿ. ಥಿಯಾಲಜಿ ಕಾಲೇಜು ಮುಗಿಸಿ ಎರಡು ವರ್ಷವೂ ಆಗಿರಲಿಲ್ಲ. ದೇವರು ಒಳ್ಳೆಯವನಾದರೆ ಲೋಕದಲ್ಲಿ ಕೇಡೇಕೆ ಎಂದು ಕೇಳಿದವರಿಗೆ ಕೊಡಲು ಮೂರು ಉತ್ತರ ನಾಲಿಗೆಯ ತುದಿಯಲ್ಲೇ ಇದ್ದವು. ಕೇಳದವರಿಗೂ ಹೇಳುತ್ತಿದ್ದೆ.

ಆ ವರ್ಷದ ಶುಭ ಶುಕ್ರವಾರ ನಮ್ಮ ಚರ್ಚಿನ ಸೈಮನ್‌ಗೆ ಗಣಿಯಲ್ಲಿ ಹಗಲು ಶಿಫ್ಟು ಬಿತ್ತು. ಯೇಸು ಶಿಲುಬೆಯ ಮೇಲೆ ಸತ್ತ ದಿನ, ಆರಾಧನೆಗೆ ಬರಲೇಬೇಕೆಂದು ನಾನು ಹಟ ಹಿಡಿದೆ. ಹಬ್ಬಗಳಲ್ಲಿ ಜೊತೆಗಾರರು ಶಿಫ್ಟು ಬದಲಾಯಿಸಿಕೊಳ್ಳುವುದು ಅವರಲ್ಲಿ ರೂಢಿ. ಯುಗಾದಿಗೆ ಜೊತೆಗಾರನ ಬದಲು ಸೈಮನ್ ಗಣಿಗೆ ಇಳಿದಿದ್ದ. ಈಗ ಸೈಮನ್ ಬದಲು ಆ ಜೊತೆಗಾರ, ಕ್ಯಾಸಂಬಳ್ಳಿ ಕಡೆಯ ಮುನಿಯಪ್ಪ ಇಳಿದ.

ಮಧ್ಯಾಹ್ನ ಪ್ರಾರ್ಥನೆಯ ನಡುವೆ ಬೆಂಚುಗಳು ನಡುಗಿದವು. ರಾಕ್‌ಬರ್ಸ್ಟ್, ಅಂದರೆ ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ತಾನಾಗಿಯೇ ಸಿಡಿಯುವುದು. ಹೆಂಗಸರು ಎದ್ದು ಗಣಿಯ ಬಾಯಿಯ ಕಡೆ ನಡೆದರು. ಮರುದಿನ ಮುನಿಯಪ್ಪನ ಹೆಣ ಮೇಲೆ ಬಂತು.

ಅಪಾಯದಿಂದ ಪಾರಾದವರು ಚರ್ಚಿನಲ್ಲಿ ಎದ್ದು ನಿಂತು, ದೇವರು ತಮ್ಮನ್ನು ಕಾಪಾಡಿದ ಬಗೆಯನ್ನು ಎಲ್ಲರ ಮುಂದೆ ಹೇಳುವುದುಂಟು. ಇದಕ್ಕೆ ಸಾಕ್ಷಿ ಎನ್ನುತ್ತೇವೆ. ಸೈಮನ್ ಒಲ್ಲೆನೆಂದ. ನಾನೇ ಬರೆದುಕೊಟ್ಟು, ಮುಂದಿನ ವಾರದ ಭಾನುವಾರವೆಂದು ಗೊತ್ತುಮಾಡಿದೆ. ಸುದ್ದಿ ಕಾರ್ಮಿಕರ ಲೈನ್ ಮನೆಗಳಿಗೆಲ್ಲ ಹರಡಿತು.

ಆ ಭಾನುವಾರಕ್ಕೆ ಮೊದಲು ಸೈಮನ್‌ನನ್ನೂ ಕರೆದುಕೊಂಡು ಮುನಿಯಪ್ಪನ ಹೆಂಡತಿ ವೆಂಕಟಮ್ಮನ ಮನೆಗೆ ಹೋದೆ. ದೇವರು ಕೊಟ್ಟ ಸ್ವಾತಂತ್ರ್ಯವನ್ನು ಮನುಷ್ಯ ಕೆಡಿಸಿಕೊಂಡಿದ್ದರಿಂದಲೇ ಕೇಡು ಬಂತು ಎಂದೆ. ಕಷ್ಟ ನಮ್ಮನ್ನು ಪುಟಕ್ಕಿಟ್ಟ ಚಿನ್ನದಂತೆ ಮಾಡುತ್ತದೆ ಎಂದೆ. ಚಿನ್ನ ತೆಗೆಯಲು ಹೋಗಿ ಸತ್ತವನ ಹೆಂಡತಿಗೆ ಇದನ್ನು ಹೇಳಿದೆನಲ್ಲ, ಈಗಲೂ ನಾಚಿಕೆಯಾಗುತ್ತದೆ. ದೇವರ ಯೋಜನೆ ನಮ್ಮ ಬುದ್ಧಿಗೆ ಮೀರಿದ್ದು ಎಂದು ಮೂರನೆಯದನ್ನೂ ಮುಗಿಸಿದೆ.

ಆಕೆ ಎಲ್ಲ ಕೇಳಿಸಿಕೊಂಡಳು. “ಸೈಮನಣ್ಣನ್ನ ನಿಮ್ ದೇವ್ರು ಉಳಿಸ್ದ ಅಂತ ಸಾಕ್ಷಿ ಏಳುಸ್ತೀರಂತೆ. ಅಂಗಾದ್ರೆ ನಮ್ಮೋರ್ನ ಕೆಳಕ್ಕೆ ಕಳ್ಸಿದ್ದೂ ಆ ದೇವ್ರೇನಾ?”

ಸೈಮನ್ ಗೋಡೆಗೊರಗಿ ಅಳತೊಡಗಿದ. “ಇಲ್ಲಮ್ಮ. ಸೈಮನ್ ಬರಲೇಬೇಕು ಅಂದವನು ನಾನು” ಎಂದೆ.

“ಬಂಡೆ ನೀವು ಸಿಡಿಸ್ಲಿಲ್ಲ ಅಯ್ನೋರೆ. ದೇವ್ರು ಸಿಡಿಸ್ದ ಅಂತಾನೂ ನಂಗೆ ಏಳ್ಬ್ಯಾಡಿ. ನಮ್ಮೋರು ಜೊತೆಗಾರ್ನಿಗೋಸ್ಕರ ಇಳಿದ್ರು. ಅದುನ್ನ ಏಳಿ, ಸಾಕು.”

ಭಾನುವಾರ ಸೈಮನ್ ನಾನು ಬರೆದುಕೊಟ್ಟದ್ದನ್ನು ಓದಲಿಲ್ಲ. “ನನ್ನ ಶಿಫ್ಟಿಗೆ ಮುನಿಯಪ್ಪ ಇಳ್ದ. ಸತ್ತ” ಎಂದಷ್ಟೇ ಹೇಳಿ ಕೂತುಬಿಟ್ಟ. ಸಾಕ್ಷಿ ಮುಗಿದಾಗ ಎಲ್ಲರೂ ‘ಸ್ತೋತ್ರ’ ಎನ್ನುವುದು ವಾಡಿಕೆ; ಅಂದು ಯಾರೂ ಎನ್ನಲಿಲ್ಲ. ಆ ದಿನದ ಉಪದೇಶವನ್ನು ನಾನೂ ಮಾಡಲಿಲ್ಲ.

ಆಮೇಲೆ ಎಷ್ಟೋ ಸಾವಿನ ಮನೆಗಳಿಗೆ ಹೋದೆ. ತೀರಿಹೋದವರು ಎಂಥವರಾಗಿದ್ದರೆಂದು ಕೇಳಿ, ಮನೆಯವರು ಹೇಳುವುದನ್ನು ಕೂತು ಆಲಿಸುತ್ತಿದ್ದೆ. ದೇವರ ಪರ ವಕಾಲತ್ತು ವಹಿಸುವುದನ್ನು ಬಿಟ್ಟೆ. ‘ನನ್ನ ದೇವರೇ, ನನ್ನನ್ನು ಏಕೆ ಕೈಬಿಟ್ಟೆ’ ಎಂದು ಶಿಲುಬೆಯ ಮೇಲಿದ್ದ ಯೇಸುವೇ ಕೇಳಿದ್ದ. ಅವನಿಗೂ ಅಂದು ಉತ್ತರ ಬರಲಿಲ್ಲ.