ಸುಮಾರು ಎನ್ನದ ಸಿದ್ದಾರೂಢರು

ಬಿಟಿಎಂ ಲೇಔಟಿನ ನಮ್ಮ ಬಿಲ್ಡಿಂಗಿನಲ್ಲಿ ಬಾಡಿಗೆಗಿರುವ, ಬಿಜಾಪುರದ ಕಡೆಯ ಸಿದ್ದಾರೂಢರ ಮುಂದೆ ‘ಸುಮಾರು’ ಎಂಬ ಮಾತಾಡಬಾರದು. ಭೂಮಿ ಎಲ್ಲಿ ನಡುಗಿತೆಂದು ಹುಡುಕುವುದೇ ಅವರ ಕೆಲಸ. ಊರೂರಲ್ಲಿ ಇಟ್ಟ ಯಂತ್ರಗಳಿಗೆ ಕಂಪನದ ಅಲೆ ಯಾವಾಗ ತಲುಪಿತೆಂದು ಕ್ಷಣದ ಚೂರನ್ನೂ ಬಿಡದೆ ಗುರುತಿಸಿ, ನಡುಗಿದ ಜಾಗಕ್ಕೆ ಬೆರಳಿಡುತ್ತಾರೆ. ಮನೆಯಲ್ಲೂ ಅದೇ ಚಾಳಿ. ಪಾತ್ರೆ ಗಡಗಡ ಅಂದರೆ ಸಾಕು, ನೆಲಕ್ಕೆ ಅಂಗೈ ಒತ್ತಿ, “ಹೆದರಬ್ಯಾಡ್ರಿ, ಬೋರ್ ಕೊರ್ಯಾಕತ್ತಾರ” ಎನ್ನುತ್ತಾರೆ. ಮನೆ ಓನರ್ ನಾರಾಯಣಮ್ಮ, “ಅಲ್ಲೇ ಎಲ್ಲೋ ಇರ್ಬೇಕು ಬಿಡಿ” ಎಂದರೆ, “ಎಲ್ಲೋ ಅಂದ್ರ ಎಲ್ರೀ?” ಎಂದು ಚಪ್ಪಲಿ ಮೆಟ್ಟಿ ಹೋಗಿ ಮನೆ ನಂಬರ್ ತರುತ್ತಾರೆ. ಯಂತ್ರ ಇಟ್ಟ ಜಾಗದ ಅಕ್ಕಪಕ್ಕದ ಮನೆಗಳಿಗೆ ಅವರು ಮಾಡುವ ಫೋನಂತೂ ಮೂರು ಮಹಡಿಗೂ ಕೇಳುತ್ತದೆ: “ಅಕ್ಕಾರ, ಮುಂಜಾನಿ ಎಂಟು ಗಂಟಿ ಹತ್ತು ನಿಮಿಷಕ್ಕ ನೀವು ರೊಟ್ಟಿ ಬಡ್ಯಾಕತ್ತಿದ್ರೇನು? ಖರೇ ಹೇಳ್ರಿ.” ಕೇಳಿ ನಾನೂ ನಕ್ಕಿದ್ದೆ, ಅವರೇ ಕಾರಣ ಹೇಳುವವರೆಗೆ. ಹಿಂದೊಮ್ಮೆ ಒಂದು ಯಂತ್ರ ಯಾರದೋ ಅಡುಗೆಮನೆಯ ಪಕ್ಕದ ಕೋಣೆಯಲ್ಲಿತ್ತು. ಎಲ್ಲೋ ಭೂಮಿ ನಡುಗಿದ ಹೊತ್ತಿಗೇ ಅಲ್ಲಿ ಜೋಳದ ರೊಟ್ಟಿ ಬಡಿದ ನಡುಕವನ್ನು ಭೂಮಿಯದೆಂದು ನಂಬಿ, ಸಿದ್ದಾರೂಢರು ನಡುಗಿದ ಊರು ಬಿಟ್ಟು ಹನ್ನೆರಡು ಕಿಲೋಮೀಟರ್ ಆಚೆಯ ಹಳ್ಳಿಯ ಹೆಸರು ಬರೆದುಬಿಟ್ಟರು. ಆ ಹಳ್ಳಿಯವರು ಕೂಸುಗಳನ್ನು ಎತ್ತಿಕೊಂಡು ಮೂರು ದಿನ ಬಯಲಲ್ಲಿದ್ದರು. ನಿಜವಾಗಿ ನಡುಗಿದ ಊರಿನವರು ಮಾತ್ರ, ನಡುಕದ ಮೂಲ ನಮ್ಮೂರಲ್ಲವಂತೆ ಎಂದು, ಬಿರುಕು ಬಿಟ್ಟ ಗೋಡೆಗಳ ಮಗ್ಗುಲಲ್ಲೇ ಹಾಸಿಕೊಂಡು ಮಲಗಿದರು. ಸದ್ಯ, ಒಂದು ಗೋಡೆಯೂ ಬೀಳಲಿಲ್ಲವಲ್ಲ ಎಂದೆ. “ಅದು ಗ್ವಾಡೀ ದೊಡ್ಡಗುಣ, ನಂದಲ್ರಿ” ಎಂದು ಸಿದ್ದಾರೂಢರು ಮುಂದಿನ ಮನೆಗೆ ಫೋನ್ ಹಚ್ಚಿದರು.