ಚಿಪ್‌ಗಳ ನಿದ್ದೆ ಕಾಯುವ ಲಾಲಿ ಅಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಕಾರ್ಖಾನೆಯ ದೊಡ್ಡ ಯಂತ್ರಗಳೆಲ್ಲ ಸುಮ್ಮನಿವೆ, ಕಿಟಕಿಯ ಗಾಜಿನ ಮೇಲೆ ಇಬ್ಬನಿ ಹನಿಗಟ್ಟಿದೆ. ಮೂಲೆಯ ಮೇಜಿನ ಮುಂದೆ ಕುಳಿತ ಹೆಂಗಸು, ಉಗುರಿಗಿಂತ ಚಿಕ್ಕ ಕಪ್ಪು ಚಿಪ್ ಕೂರಿಸಿದ ಹಸಿರು ಬೋರ್ಡನ್ನು ಮೀಟರಿಗೆ ಜೋಡಿಸಿ ಉಸಿರು ಬಿಗಿಹಿಡಿಯುತ್ತಾರೆ. ಅಂಕಿ ಏರುತ್ತದೆ, ಇಳಿಯುತ್ತದೆ, ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ.

“ಮಲಗ್ತು,” ಎಂದು ಪಿಸುಗುಟ್ಟಿ ಅದನ್ನು ಬಲಗಡೆಯ ಟ್ರೇಗೆ ಸೇರಿಸುತ್ತಾರೆ.

ಮುಂದಿನ ಬೋರ್ಡು ಮಲಗುವುದಿಲ್ಲ, ಅಂಕಿ ಇಳಿದು ಮತ್ತೆ ಮತ್ತೆ ಏರುತ್ತದೆ. ಅದರ ಪಕ್ಕದ್ದೂ ಇಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. ನೋಡುನೋಡುತ್ತಿದ್ದಂತೆ ಎಡಗಡೆಯ ಟ್ರೇ ತುಂಬತೊಡಗುತ್ತದೆ.

ಇಲ್ಲಿ ತಯಾರಾಗುವುದು ಗ್ಯಾಸ್ ಅಲಾರಂ. ರಾಸಾಯನಿಕ ತುಂಬುವ ದೊಡ್ಡ ಟ್ಯಾಂಕ್‌ಗಳೊಳಗೆ ಇಳಿದು ತೊಳೆಯುವವರು ಕಾಲರಿಗೆ ಸಿಕ್ಕಿಸಿಕೊಳ್ಳುವ, ಬೆಂಕಿಪೊಟ್ಟಣದಷ್ಟು ಗಾತ್ರದ ಪೆಟ್ಟಿಗೆ. ಅದರೊಳಗಿನ ಬ್ಯಾಟರಿಯನ್ನು ಬದಲಿಸುವಂತಿಲ್ಲ, ಒಂದೇ ಬ್ಯಾಟರಿ ಎರಡು ವರ್ಷ ಬಾಳಬೇಕು. ಹಾಗೆ ಬಾಳಬೇಕಾದರೆ ಚಿಪ್ ಸದಾ ಎಚ್ಚರವಾಗಿರಕೂಡದು. ಆಗಾಗ ಎದ್ದು, ಗಾಳಿ ಮೂಸಿ, ಮತ್ತೆ ಮಲಗಬೇಕು. ಅದು ಮಲಗುತ್ತಿದೆಯೇ, ಅಂದರೆ ಅದು ಹೀರುವ ವಿದ್ಯುತ್ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತಿದೆಯೇ ಎಂದು ದಿನಕ್ಕೆ ಸುಮಾರು ಇನ್ನೂರು ಬೋರ್ಡುಗಳಲ್ಲಿ ಪರೀಕ್ಷಿಸುವುದು ಈಕೆಯ ಕೆಲಸ. ಜೊತೆಯವರು ಇಟ್ಟ ಹೆಸರು ಲಾಲಿ ಅಕ್ಕ.

“ಇದಕ್ಕೆ ಬಾಣಂತಿ ನಿದ್ದೆ ಇರ್ಬೇಕು,” ಎನ್ನುತ್ತಾರೆ ಅವರು. “ಬೀದೀಲಿ ಲಾರಿ ಹಾರ್ನ್ ಹೊಡೆದ್ರೂ ಕದಲಬಾರ್ದು, ಮಗು ಮುಲುಕಿದ್ರೆ ಸಾಕು ಎದ್ದು ಕೂತ್ಕೋಬೇಕು. ಕೊರಡಿನ ಹಾಗೆ ಬಿದ್ಕೊಂಡ್ರೂ ಕಷ್ಟ, ರಾತ್ರಿಯೆಲ್ಲ ಹೊರಳಾಡಿದ್ರೂ ಕಷ್ಟ.”

ಅವರು ಇಲ್ಲಿಗೆ ಬಂದದ್ದು ರಟ್ಟಿನ ಪೆಟ್ಟಿಗೆಗಳಿಗೆ ಟೇಪ್ ಅಂಟಿಸಲು. ಮೀಟರ್ ಹಿಡಿಯಲು ಕಲಿಸಿದ್ದು ಚಿಪ್‌ಗೆ ಪ್ರೋಗ್ರಾಂ ಬರೆಯುವ ಎಂಜಿನಿಯರ್. ಕಲಿಯುವ ಹಟ ಹುಟ್ಟಿದ್ದು ಮಾತ್ರ ಮನೆಯಲ್ಲಿ. ಗಂಡ, ಗಂಡನ ಅಣ್ಣ ಇಬ್ಬರೂ ಟ್ಯಾಂಕ್ ತೊಳೆಯುವವರು. ಒಂದು ದಿನ ಟ್ಯಾಂಕಿನೊಳಗೆ ವಿಷಗಾಳಿಗೆ ಪ್ರಜ್ಞೆ ತಪ್ಪಿದ ಭಾವನನ್ನು ಹಗ್ಗ ಕಟ್ಟಿ ಮೇಲೆತ್ತಬೇಕಾಯಿತು. ಕಾಲರಿನಲ್ಲಿದ್ದ ಹಳೆಯ ಅಲಾರಂ ತುಟಿಪಿಟಕ್ ಎಂದಿರಲಿಲ್ಲ. ಬ್ಯಾಟರಿ ಯಾವಾಗಲೋ ಮುಗಿದಿತ್ತು. ಭಾವ ಬದುಕಿದರು, ಆದರೆ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಒಳ್ಳೆಯ ಗಾಳಿಯಲ್ಲಿ ಅಲಾರಂ ಸುಮ್ಮನಿರುತ್ತದೆ, ಸತ್ತರೂ ಸುಮ್ಮನಿರುತ್ತದೆ. ಮಿಣುಕುವ ಪುಟ್ಟ ದೀಪವೊಂದು ಇದೆ, ನಿಜ. ಕೆಸರು ಮೆತ್ತಿದ ಕಾಲರಿನಲ್ಲಿ ಅದನ್ನು ನೋಡುವವರು ಯಾರು?

ಸೂಪರ್‌ವೈಸರ್ ಬರುವ ಹೊತ್ತಿಗೆ ಎಡಗಡೆಯ ಟ್ರೇ ತುಂಬಿದೆ.

“ಅಕ್ಕಾ, ಇದೇ ಬ್ಯಾಚ್ ನಿನ್ನೆ ಮಧ್ಯಾಹ್ನ ನಾನೇ ನೋಡಿದೀನಿ. ಸರಿ ಇತ್ತಲ್ಲ.”

“ಮಧ್ಯಾಹ್ನ ಸರಿ ಇರತ್ತೆ ಸಾರ್. ಬಿಸಿಲಿಗೆ ಎಲ್ಲಾ ಒಣಗಿರತ್ತೆ. ಟ್ಯಾಂಕ್ ಒಳಗೆ ಮಧ್ಯಾಹ್ನ ಇರಲ್ಲ.”

ಸೂಪರ್‌ವೈಸರ್ ಎಂಜಿನಿಯರ್‌ಗೆ ಫೋನ್ ಮಾಡುತ್ತಾರೆ. ಬಂದ ಎಂಜಿನಿಯರ್ ಬೋರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಚಿಪ್‌ನ ಎರಡು ಕಾಲುಗಳ ನಡುವೆ ತೆಳ್ಳಗಿನ ಬಿಳಿ ಪೊರೆಯನ್ನು ತೋರಿಸುತ್ತಾರೆ. ಬೆಸುಗೆಗೆ ಸವರಿದ ಅಂಟು ಸರಿಯಾಗಿ ತೊಳೆದುಹೋಗಿಲ್ಲ. ಮುಂಜಾನೆಯ ತೇವ ಹೀರಿದಾಗ ಅದರ ಮೂಲಕ ಒಂದಿಷ್ಟು ವಿದ್ಯುತ್ ಜಿನುಗುತ್ತದೆ, ಯಾರೋ ಕರೆದರೆಂದು ಚಿಪ್ ಮತ್ತೆ ಮತ್ತೆ ಏಳುತ್ತದೆ. ಹೀಗಾದರೆ ಎರಡು ವರ್ಷದ ಬ್ಯಾಟರಿ ಕೆಲವೇ ವಾರಗಳಲ್ಲಿ ಖಾಲಿ.

ಎಲ್ಲವನ್ನೂ ಸ್ಪಿರಿಟ್‌ನಲ್ಲಿ ಉಜ್ಜಿ ತೊಳೆಯಬೇಕು. ಸಂಜೆಗೆ ಕೆಲಸ ಮುಗಿಯುತ್ತದೆ. ಆದರೆ ಲಾಲಿ ಅಕ್ಕ ಸಂಜೆಗೂ ಒಪ್ಪುವುದಿಲ್ಲ; ನಾಳೆ ಮುಂಜಾನೆಯ ತೇವದಲ್ಲಿ ಅವು ಮಲಗುವುದನ್ನು ಕಣ್ಣಾರೆ ನೋಡಬೇಕು.

ತೊಡಕಿರುವುದು ಗೇಟಿನಾಚೆ. ಈ ಅಲಾರಂಗಳಿಗಾಗಿ ಕಾದು ನಿಂತಿರುವುದು ಅವರ ಗಂಡನ ತಂಡವೇ. ಹಳೆಯವುಗಳ ಅವಧಿ ಮುಗಿದಿದೆ, ಹೊಸದಿಲ್ಲದೆ ಟ್ಯಾಂಕಿಗೆ ಇಳಿಯುವಂತಿಲ್ಲ, ಇಳಿಯದಿದ್ದರೆ ಕೂಲಿಯಿಲ್ಲ. ಲಾಲಿ ಅಕ್ಕನೇ ಹೋಗಿ ವಿಷಯ ಹೇಳುತ್ತಾರೆ.

“ಏನಮ್ಮಾ ತಾಯಿ,” ಎಂದು ತಂಡದ ಮೇಸ್ತ್ರಿ ಕೈಮುಗಿಯುತ್ತಾನೆ, “ಊರೋರ ಒಲೆಗೆ ನೀರು ಹಾಕಿದ್ದು ಸಾಲ್ದು ಅಂತ ನಿನ್ನ ಒಲೆಗೂ ಹಾಕ್ಕೊಂಡ್ಯಾ?”

“ಹಾಕ್ಕೊಂಡೆ ಅಣ್ಣಾ. ನಾಳೆ ಬಂದು ಇನ್ನೂ ನಾಲ್ಕು ಮಾತು ಬೈಯಿ. ಬೈಯೋಕೆ ನೀನಿರ್ಬೇಕು, ನನಗಷ್ಟೇ ಸಾಕು.”

ಯಾರೋ ಕಿಸಕ್ಕನೆ ನಗುತ್ತಾರೆ. ಗಂಡ ಮಾತ್ರ ಚಪ್ಪಲಿಯ ತುದಿ ನೋಡುತ್ತ, “ಬನ್ರೋ, ನಾಳೆ ಬರೋಣ,” ಎಂದು ಮೊದಲು ಹೊರಡುತ್ತಾರೆ.

ಈ ಗಂಡ ಹಿಂದೊಮ್ಮೆ ಕೇಳಿದ್ದನ್ನು ಲಾಲಿ ಅಕ್ಕನೇ ಹೇಳುತ್ತಾರೆ. “‘ನನಗೊಂದು ಒಳ್ಳೇದು ಆರಿಸಿ ತೆಗೆದಿಡೇ’ ಅಂದ್ರು. ‘ಹಾಗಾದ್ರೆ ಮಿಕ್ಕೋರ ಕೊರಳಿಗೆ ಕೆಟ್ಟದ್ದು ಕಟ್ಟಲಾ?’ ಅಂದೆ. ಅವತ್ತಿಂದ ಆ ಮಾತೆತ್ತಿಲ್ಲ.”

ಮರುದಿನ ಮುಂಜಾನೆ ಕಿಟಕಿಯ ಮೇಲೆ ನಿನ್ನೆಗಿಂತ ದಟ್ಟವಾದ ಹನಿ. ಅವರು ಅದನ್ನು ಬೆರಳಿಂದ ಮುಟ್ಟಿ ನೋಡಿ, “ಒಳ್ಳೇದೇ ಆಯ್ತು,” ಎನ್ನುತ್ತಾರೆ. ಮೊದಲ ಬೋರ್ಡು. ಅಂಕಿ ಏರುತ್ತದೆ, ತಡವರಿಸುತ್ತದೆ, ಇಳಿಯುತ್ತದೆ. ಮಲಗ್ತು. ಎರಡನೆಯದು ಮಲಗ್ತು. ಬಾಗಿಲಲ್ಲಿ ನಿಂತ ಸೂಪರ್‌ವೈಸರ್ ಕೂಡ ದನಿ ತಗ್ಗಿಸಿ ಮಾತಾಡುತ್ತಾರೆ, ನಿಜವಾಗಿಯೂ ಯಾರೋ ಮಲಗಿರುವಂತೆ. ಕೊನೆಗೆ ಎಡಗಡೆಯ ಟ್ರೇ ಖಾಲಿಯಾಗಿಯೇ ಉಳಿಯುತ್ತದೆ.

ಪೆಟ್ಟಿಗೆಗೆ ಸೇರಿದ ಅಲಾರಂಗಳು ಮಧ್ಯಾಹ್ನ ಗೇಟಿಗೆ ಹೋಗುತ್ತವೆ. ಮೇಸ್ತ್ರಿ ಬೈಯುವುದನ್ನು ಮರೆತು ಮೊದಲು ತನ್ನದನ್ನು ಸಿಕ್ಕಿಸಿಕೊಳ್ಳುತ್ತಾನೆ. ಗಂಡ ಪಕ್ಕದವನೊಡನೆ ಮಾತಾಡುತ್ತಲೇ, ರಟ್ಟಿನ ಪೆಟ್ಟಿಗೆಯೊಳಗೆ ಇಣುಕದೆ, ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಾರೆ. ಲಾಲಿ ಅಕ್ಕ ಅಷ್ಟರಲ್ಲಿ ಬೆನ್ನು ತಿರುಗಿಸಿ ಮೇಜಿನ ಕಡೆ ನಡೆದಾಗಿದೆ.

ಗಂಡನಿಗೆ ಯಾವುದು ಸಿಕ್ಕಿತು, ನೋಡಬೇಕು ಅನ್ನಿಸಲಿಲ್ಲವೇ?

“ಇಲ್ಲ,” ಎನ್ನುತ್ತಾರೆ, ಮುಂದಿನ ಬೋರ್ಡನ್ನು ಬೆಳಕಿಗೆ ಹಿಡಿಯುತ್ತ. “ಅನ್ನಿಸಿದ ದಿನ ಈ ಕುರ್ಚಿ ಬಿಡ್ತೀನಿ.”